ಅಕ್ಕನ ಗಡ್ಡೆ, ತಂಗಿಯ ಗಡ್ಡೆ

ಹೊಟ್ಟೆಕಿಚ್ಚು ಯಾರಿಗಿಲ್ಲ? ಕೆಲವರಿಗೆ ಅದನ್ನು ಮುಚ್ಚಿಡಲು ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಹೊಸನಗರದ ಅಕ್ಕಿ ಗಿರಣಿ ಮಂಜಯ್ಯನವರ ಹೆಂಡತಿ ತುಂಗಮ್ಮನಿಗೆ ಬರುತ್ತಿರಲಿಲ್ಲ. ಆದರೂ ಅವಳ ಪರವಾಗಿ ಒಂದು ಮಾತು ಹೇಳಬೇಕು. ಅವಳು ಕಂಡಕಂಡವರ ಮೇಲೆಲ್ಲ ಉರಿದುಕೊಳ್ಳುವ ಹೆಂಗಸಲ್ಲ. ಅವಳ ಹೊಟ್ಟೆಕಿಚ್ಚಿನ ಮುಕ್ಕಾಲು ಪಾಲು ಒಬ್ಬಳಿಗೇ ಮೀಸಲಾಗಿತ್ತು. ಅವಳು ಬೇರೆ ಯಾರೂ ಅಲ್ಲ, ಒಡಹುಟ್ಟಿದ ತಂಗಿ ಶರಾವತಿ.

ತೀರ್ಥಹಳ್ಳಿ ಹತ್ತಿರದ ಒಂದು ಗೌಡರ ಮನೆಯಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಅವರು. ದೊಡ್ಡವಳನ್ನು ಹದಿನೆಂಟಕ್ಕೆ ಗಿರಣಿಯವನಿಗೆ ಕೊಟ್ಟರು. ಮಂಜಯ್ಯ ಕೆಟ್ಟವನಲ್ಲ. ಹುಬ್ಬಿನ ಮೇಲೆ ಸದಾ ತೌಡು ಕೂತಿರುತ್ತಿತ್ತು, ಮಾತು ಕಮ್ಮಿ, ಅಷ್ಟೇ. ನಾಲ್ಕು ವರ್ಷ ಬಿಟ್ಟು ಶರಾವತಿಗೆ ಗಂಡು ನೋಡುವ ಹೊತ್ತಿಗೆ ಮನೆಯ ಸ್ಥಿತಿ ಸುಧಾರಿಸಿತ್ತು. ಅವಳಿಗೆ ಎಂಜಿನಿಯರ್ ಮುಕುಂದಯ್ಯ ಸಿಕ್ಕಿದ. ವಾರಾಹಿ ಯೋಜನೆಯಲ್ಲಿ ಅವನಿಗೆ ಕೆಲಸ, ಮಾಸ್ತಿಕಟ್ಟೆಯಲ್ಲಿ ಕ್ವಾರ್ಟರ್ಸು, ಅಡುಗೆಮನೆಯೊಳಗೇ ನಲ್ಲಿ, ಬಾಗಿಲಿಗೆ ಬಂದು ನಿಲ್ಲುವ ಜೀಪು. ಅವನು ಹೆಂಡತಿಯ ಮುಂದೆ ನಡೆಯದೆ ಪಕ್ಕದಲ್ಲಿ ನಡೆಯುತ್ತಿದ್ದ. ತುಂಗಮ್ಮನಿಗೆ ನಲ್ಲಿಗಿಂತ, ಜೀಪಿಗಿಂತ ಹೆಚ್ಚು ಉರಿ ಎಬ್ಬಿಸಿದ್ದು ಈ ಪಕ್ಕದ ನಡಿಗೆ.

ಇಷ್ಟಾದರೂ ಕಾಯಿಲೆಯ ವಿಷಯದಲ್ಲಿ ತಂಗಿಯ ಮೇಲೆ ಹೊಟ್ಟೆಕಿಚ್ಚು ಬರಬಹುದೆಂದು ತುಂಗಮ್ಮ ತಾನೇ ಎಣಿಸಿರಲಿಲ್ಲ. ಆದರೆ ಎಂಬತ್ತೊಂಬತ್ತನೇ ಇಸವಿಯ ಆರಂಭದಲ್ಲಿ ಶರಾವತಿಯ ತೊಡೆಯಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಅದಕ್ಕೆ ನಡೆದ ಉಪಚಾರದ ಸುದ್ದಿ ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೊಸನಗರ ಮುಟ್ಟಿತು. ಆಗ ತುಂಗಮ್ಮನಿಗೆ ಐದು ವರ್ಷದ ಹಿಂದಿನ ತನ್ನ ಗಡ್ಡೆ ನೆನಪಾಯಿತು.

ಅವಳದ್ದು ಬಲದೋಳಿನಲ್ಲಿ ಎದ್ದಿತ್ತು. ಮೆತ್ತಗೆ, ಬೆರಳಿಟ್ಟರೆ ಚರ್ಮದ ಕೆಳಗೆ ಅತ್ತಿತ್ತ ಜಾರುತ್ತಿತ್ತು. ಗಂಡ ಹೆಂಡತಿ ಸಾಗರಕ್ಕೆ ಹೋದರು. ಮಂಜಯ್ಯ ಅವಳನ್ನು ಡಾಕ್ಟರ ಬಾಗಿಲಲ್ಲಿ ಬಿಟ್ಟು ಗಿರಣಿಯ ಬೆಲ್ಟು ತರಲು ಹೋದ. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ಕೊಯ್ದು, ತಟ್ಟೆಯಲ್ಲಿ ಹಳದಿ ಉಂಡೆ ತೋರಿಸಿ, "ಬರೀ ಕೊಬ್ಬು ಕಣಮ್ಮ, ಹೆದರಬೇಡ" ಎಂದರು. ಮಧ್ಯಾಹ್ನದ ಬಸ್ಸಿಗೆ ಅವಳು ಹೊಸನಗರಕ್ಕೆ ಬಂದಿಳಿದಳು. ಒಂದು ತೋಳಿನಲ್ಲಿ ಹೊಲಿಗೆ, ಇನ್ನೊಂದು ತೋಳಿನಲ್ಲಿ ಗಿರಣಿಯ ಬೆಲ್ಟು. ಸಂಜೆ ಮನೆಮಂದಿಗೆಲ್ಲ ಕಡುಬು ಬೇಯಿಸಿದಳು. ಒಂದು ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬಂದವರಿಲ್ಲ. ತಂಗಿ ಒಂದು ಇನ್‌ಲ್ಯಾಂಡ್ ಕಾಗದ ಬರೆದಿದ್ದಳು, ಅದರಲ್ಲಿ ಅರ್ಧ ಅವಳ ಮನೆಯ ಹೊಸ ಕರ್ಟನ್ನಿನ ವಿಷಯ.

ಒಂದು ಭಾನುವಾರ ತುಂಗಮ್ಮ ಮಾಸ್ತಿಕಟ್ಟೆಗೆ ಹೋದಳು. ಕ್ವಾರ್ಟರ್ಸಿನ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಮಂಚದ ಮೇಲೆ ಶರಾವತಿ, ಕಾಲಿನ ಕೆಳಗೆ ದಿಂಬು. ಸುತ್ತ ಉಳಿದ ಎಂಜಿನಿಯರುಗಳ ಹೆಂಡಂದಿರು, ಮೇಜಿನ ಮೇಲೆ ಹಾರ್ಲಿಕ್ಸ್ ಬಾಟಲಿ, ಒಂದು ತಟ್ಟೆ ತುಂಬ ಸೇಬು. ಮಾಸ್ತಿಕಟ್ಟೆಯಲ್ಲಿ ಸೇಬು ಸಿಗುವುದಿಲ್ಲ, ಯಾರೋ ಶಿವಮೊಗ್ಗದಿಂದ ತರಿಸಿದ್ದು. ಆ ಸೇಬನ್ನು ನೋಡಿದ ಕೂಡಲೇ ತುಂಗಮ್ಮನ ಹೊಟ್ಟೆಯೊಳಗೆ ಕೆಂಡ ಬಿದ್ದ ಹಾಗಾಯಿತು.

"ಬಂದ್ಯಾ ಅಕ್ಕ? ಬಾ, ಇಲ್ಲೇ ಕೂತ್ಕ" ಎಂದು ಶರಾವತಿ ಮಂಚದಲ್ಲಿ ಜಾಗ ಮಾಡಿದಳು.

ಬಂದವರು ಹೋದ ಮೇಲೆ ಮುಕುಂದಯ್ಯ ವಿಷಯ ಹೇಳಿದ. ತೀರ್ಥಹಳ್ಳಿಯ ಡಾಕ್ಟರ್ ಗಣೇಶಮೂರ್ತಿ ಗಡ್ಡೆ ನೋಡಿದ್ದಾರೆ. ವಯಸ್ಸಿನಲ್ಲಿ ಚಿಕ್ಕವರು, ಆದರೆ ಓದಿಕೊಂಡವರು. ಕೊಯ್ಯಲು ಅವರು ಒಪ್ಪುತ್ತಿಲ್ಲ.

"ಮೇಲಿಂದ ಮುಟ್ಟಿ ಇದು ಇಂಥದ್ದೇ ಅಂತ ಹೇಳಕ್ಕಾಗಲ್ಲ ಅಂತಾರೆ ಅತ್ತಿಗೆ. ಎಕ್ಸ್‌ರೇಯಲ್ಲಿ ಮೂಳೆ ಕಾಣ್ತದೆ, ಮಾಂಸದೊಳಗಿನ ಗಡ್ಡೆ ಸರಿಯಾಗಿ ಕಾಣಲ್ಲ. ಮದ್ರಾಸಲ್ಲಿ ಒಂದು ಹೊಸ ಮಿಶನ್ ಬಂದಿದ್ಯಂತೆ. ಮನುಷ್ಯ ಮಲಗೋ ಅಷ್ಟು ದೊಡ್ಡ ಅಯಸ್ಕಾಂತ. ಅದರೊಳಗೆ ಮಲಗಿಸಿದ್ರೆ ಕೊಬ್ಬು ಬೇರೆ, ಮಾಂಸ ಬೇರೆ, ನರ ಬೇರೆ, ರಕ್ತ ಹರಿಯೋ ನಾಳ ಬೇರೆ, ಎಲ್ಲ ಬಿಡಿಸಿ ಫೋಟೋ ಕೊಡ್ತದೆ. ಗಡ್ಡೆ ಯಾವ ಜಾತಿದು ಅಂತ ಕೊಯ್ಯೋ ಮೊದ್ಲೇ ಅಂದಾಜು ಸಿಗ್ತದೆ."

"ಮದ್ರಾಸಿಗಾ?" ಎಂದಳು ತುಂಗಮ್ಮ.

"ಇವ್ರು ಫಸ್ಟ್ ಕ್ಲಾಸಲ್ಲೇ ಕರ್ಕೊಂಡು ಹೋಗ್ತಾರಂತೆ. ರೈಲಲ್ಲಿ ಕಾಲು ಚಾಚ್ಕೊಂಡು ಹೋಗ್ಬಹುದು" ಎಂದು ಶರಾವತಿ ನಕ್ಕಳು. ಆ ನಗುವಿನಲ್ಲಿ ಹೆದರಿಕೆ ಎಷ್ಟಿತ್ತೆಂದು ಬೇರೆ ಯಾರಾದರೂ ಆಗಿದ್ದರೆ ಕಾಣುತ್ತಿದ್ದರು. ತುಂಗಮ್ಮನಿಗೆ ಕಂಡದ್ದು ಫಸ್ಟ್ ಕ್ಲಾಸು. ಮೂವತ್ತಾರು ವರ್ಷವಾದರೂ ಅವಳು ಯಾವ ಕ್ಲಾಸಿನ ರೈಲನ್ನೂ ಹತ್ತಿರಲಿಲ್ಲ.

ಊಟಕ್ಕೆ ಮೊದಲು ಶರಾವತಿ ಅಕ್ಕನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು. ತೊಡೆಯ ಜಾಗ, ಯಾರಿಗೆಂದು ತೋರಿಸುವುದು? ಡಾಕ್ಟರೇ ಸೀರೆಯ ಮೇಲಿಂದ ಮುಟ್ಟಿ, ನರ್ಸಿನ ಕೈಯಲ್ಲಿ ನೋಡಿಸಿದ್ದರಂತೆ. ಅತ್ತೆಗೆ ತೋರಿಸಲು ಅವಳಿಗೆ ನಾಚಿಕೆ. ಅಕ್ಕನಿಗಾದರೆ ನಾಚಿಕೆ ಇಲ್ಲ, ಸಣ್ಣವಳಿದ್ದಾಗ ಮೀಯಿಸಿದವಳೇ ಅವಳು.

"ಒತ್ತಿ ನೋಡೇ ಅಕ್ಕ. ಜೋರಾಗಿ ಒತ್ತು, ನೋವೇನಿಲ್ಲ."

ತುಂಗಮ್ಮ ಒತ್ತಿದಳು. ಬೆರಳು ಚರ್ಮ ದಾಟಿ, ಅದರ ಕೆಳಗಿನ ಮೆತ್ತನೆಯದನ್ನು ದಾಟಿ, ಬಹಳ ಒಳಗೆ ಹೋಗಿ ಗಟ್ಟಿಯಾದದ್ದಕ್ಕೆ ತಾಗಿತು. ಅಲುಗಿಸಿ ನೋಡಿದಳು. ಅಲುಗಲಿಲ್ಲ. ಎರಡು ತಿಂಗಳಲ್ಲಿ ನಿಂಬೆಹಣ್ಣಿನಷ್ಟಿದ್ದದ್ದು ಸೌತೆ ಗಾತ್ರಕ್ಕೆ ಬೆಳೆದಿದೆ ಎಂದಳು ತಂಗಿ. ತನ್ನ ತೋಳಿನಲ್ಲಿ ಜಾರಾಡುತ್ತಿದ್ದ ಉಂಡೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂದು ತುಂಗಮ್ಮನ ಬೆರಳಿಗೆ ಆಗಲೇ ಗೊತ್ತಾಯಿತು. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

ಊಟಕ್ಕೆ ಕೂತಾಗ ಮುಕುಂದಯ್ಯನ ತಾಯಿ ದುಗ್ಗಮ್ಮ ಮಾತು ತೆಗೆದರು. ಮದ್ರಾಸಿನ ಯಾತ್ರೆ ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಆ ಯಂತ್ರದೊಳಗೆ ಹೋಗಲು ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು, ಕಾಲುಂಗುರ, ಮೂಗುತಿ, ತಾಳಿ ಸಹಿತ ಎಂದು ತೀರ್ಥಹಳ್ಳಿಯ ಡಾಕ್ಟರು ಮೊದಲೇ ಎಚ್ಚರಿಸಿದ್ದರು.

"ಗಂಡ ಎದುರಿಗೆ ಕಲ್ಲುಗುಂಡಿನಂಗೆ ಇರುವಾಗ ತಾಳಿ ತೆಗ್ದು ಮಲಗೋದು ಎಂಥ ಮದ್ದು? ಅಪಶಕುನ" ಎಂದರು ದುಗ್ಗಮ್ಮ.

ಮುಕುಂದಯ್ಯನಿಗೂ ಒಳಗೊಳಗೇ ಹಿಂಜರಿಕೆ ಇತ್ತು. ಅಣೆಕಟ್ಟಿನ ಕೆಲಸ ಕೊನೆ ಮುಟ್ಟಿತ್ತು, ರಜೆ ಸಿಗುವುದು ಕಷ್ಟ. ಅವನು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದ: "ಅತ್ತಿಗೆ, ನಿಮಗೂ ಒಂದು ಆಗಿತ್ತಲ್ಲ. ಅಕ್ಕತಂಗಿಯರಿಗೆ ಒಂದೇ ಥರದ್ದು ಬರೋದುಂಟಂತೆ. ನಿಮ್ದೂ ಹಿಂಗೇ ಇತ್ತಾ?"

ಎಲ್ಲರೂ ತುಂಗಮ್ಮನ ಕಡೆ ತಿರುಗಿದರು. ಆ ಮನೆಯಲ್ಲಿ ಎಲ್ಲರ ಕಣ್ಣು ಅವಳ ಮೇಲೆ ಬಿದ್ದದ್ದು ಅದೇ ಮೊದಲು. ಒಂದು ಮಾತು ಆಡಿದರೆ ತಂಗಿ ಫಸ್ಟ್ ಕ್ಲಾಸಿನಲ್ಲಿ ಕಾಲು ಚಾಚಿಕೊಂಡು ಹೋಗುತ್ತಾಳೆ. ಇನ್ನೊಂದು ಮಾತು ಆಡಿದರೆ ತನ್ನ ಹಾಗೇ ಸಾಗರದ ಬೆಂಚಿನ ಮೇಲೆ ಕಾದು ಕೂತು, ಕೊಯ್ಸಿಕೊಂಡು, ಬಸ್ಸಿನಲ್ಲಿ ಬರುತ್ತಾಳೆ.

"ಅದೇ ಥರ" ಎಂದಳು ತುಂಗಮ್ಮ. "ಹಿಂಗೇ ಗಟ್ಟಿ ಇತ್ತು. ಹಿಂಗೇ ಒಳಗಿತ್ತು. ಸಾಗರದ ಡಾಕ್ಟ್ರು ಅರ್ಧ ಗಂಟೇಲಿ ತೆಗ್ದು ತಟ್ಟೇಲಿಟ್ಟು ತೋರಿಸಿದ್ರು. ಬರೀ ಕೊಬ್ಬು. ಅದಕ್ಕೆ ಮದ್ರಾಸು ಎಂಥಕ್ಕೆ?"

ದುಗ್ಗಮ್ಮ ಉಸಿರು ಬಿಟ್ಟರು. ಮುಕುಂದಯ್ಯನ ಮುಖ ಸಡಿಲವಾಯಿತು. ಶರಾವತಿ ಮಾತ್ರ ಅಕ್ಕನನ್ನು ಸ್ವಲ್ಪ ಹೊತ್ತು ನೋಡಿ, ತಲೆ ಬಗ್ಗಿಸಿ, "ಹಂಗಾರೆ ಸಾಗರಕ್ಕೇ ಹೋಗಣ" ಎಂದಳು. ಬರುವ ಗುರುವಾರ ಎಂದು ಗೊತ್ತಾಯಿತು.

ಸಂಜೆಯ ಬಸ್ಸಿನಲ್ಲಿ ತುಂಗಮ್ಮ ಹಗುರವಾಗಿ ಕೂತಿದ್ದಳು. ಸುಳ್ಳು ಹೇಳಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ಗಡ್ಡೆ ಅಂದರೆ ಗಡ್ಡೆ, ಕೊಯ್ದರೆ ಹೋಗುತ್ತದೆ, ಮೆತ್ತಗಿದ್ದರೇನು ಗಟ್ಟಿಯಿದ್ದರೇನು ಎಂದು ತನಗೆ ತಾನೇ ನಾಲ್ಕು ಸಲ ಹೇಳಿಕೊಂಡಳು. ನಿಜವಾಗಿ ಹಾಗನ್ನಿಸಿದ್ದರೆ ಒಂದು ಸಲ ಸಾಕಿತ್ತು.

ಮಂಗಳವಾರ ಮಧ್ಯಾಹ್ನ ಅವಳು ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ನಾದುವಾಗ ತಂಗಿಯ ಸಂಸಾರವನ್ನು ಮನಸ್ಸಿನಲ್ಲಿ ಒಂದು ಸುತ್ತು ಹಾಕಿ ಬರುವುದು ಅವಳ ಹಳೆಯ ಅಭ್ಯಾಸ. ಹಿಟ್ಟಿಗೆ ಅದರಿಂದ ಒಳ್ಳೆಯದೇ ಆಗುತ್ತಿತ್ತು, ಸಿಟ್ಟಿನ ಕೈಯಲ್ಲಿ ಚೆನ್ನಾಗಿ ಹದಕ್ಕೆ ಬರುತ್ತಿತ್ತು. ಆ ದಿನವೂ ನೆನೆದಳು. ಅಡುಗೆಮನೆಯ ನಲ್ಲಿ. ಏನೂ ಆಗಲಿಲ್ಲ. ಜೀಪು. ಏನೂ ಇಲ್ಲ. ತಟ್ಟೆ ತುಂಬ ಸೇಬು, ಪಕ್ಕದಲ್ಲಿ ನಡೆಯುವ ಗಂಡ. ಎಲ್ಲೂ ಉರಿಯಲಿಲ್ಲ. ಮೊದಲು ಅವಳಿಗೆ ಸಮಾಧಾನವೇ ಆಯಿತು. ಅಂತೂ ದೇವರು ಬುದ್ಧಿ ಕೊಟ್ಟ, ಮನಸ್ಸು ತೊಳೆದ ಹಾಗಾಯಿತು ಅಂದುಕೊಂಡಳು.

ಆಮೇಲೆ ಕೆರಿಯಮ್ಮ ನೆನಪಾದಳು. ಕೆರಿಯಮ್ಮ ಹಿಂದಿನ ಬೀದಿಯವಳು. ಅವಳ ಎರಡೆಳೆ ಸರದ ಮೇಲೆ ತುಂಗಮ್ಮ ಮೂರು ವರ್ಷ ಕಣ್ಣಿಟ್ಟಿದ್ದಳು. ಕೆರಿಯಮ್ಮನ ಗಂಡ ಒಂದು ಬೆಳಿಗ್ಗೆ ಮರದಿಂದ ಬಿದ್ದು ತೀರಿಹೋದ. ಸುದ್ದಿ ಕಿವಿಗೆ ಬಿದ್ದ ಕ್ಷಣದಲ್ಲೇ, ಕಣ್ಣಲ್ಲಿ ನೀರು ಬರುವ ಮೊದಲೇ, ಸರದ ಮೇಲಿನ ಆಸೆ ಹೇಳಹೆಸರಿಲ್ಲದೆ ಅಳಿಸಿಹೋಗಿತ್ತು. ಹೊಟ್ಟೆಕಿಚ್ಚು ಬದುಕುವವರ ಮೇಲೆ ಮಾತ್ರ ಬರುತ್ತದೆ. ಸಾವು ಹೊಕ್ಕ ಮನೆಯನ್ನು ನೋಡಿ ಕರುಬುವವರು ಯಾರೂ ಇಲ್ಲ.

ತುಂಗಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಶರಾವತಿಯ ಮೇಲೆ ಹೊಟ್ಟೆಕಿಚ್ಚು ಯಾಕೆ ಬರುತ್ತಿಲ್ಲ ಎಂಬುದು ಅವಳಿಗೆ ಅರ್ಥವಾಯಿತು. ಬಾಯಿ ಅದೇ ಥರ ಎಂದಿತ್ತು, ಬೆರಳು ಬೇರೆಯದನ್ನು ತಿಳಿದುಕೊಂಡಿತ್ತು. ಒಳಗಿನ ಮನಸ್ಸು ಬೆರಳಿನ ಮಾತನ್ನೇ ನಂಬಿ, ತಂಗಿಯನ್ನು ಆಗಲೇ ಹೋದವಳೆಂದು ಬಿಟ್ಟುಕೊಟ್ಟಿತ್ತು.

ಮಂಜಯ್ಯ ಊಟಕ್ಕೆ ಬಂದಾಗ ಅವಳು ಒಂದೂ ಬಿಡದೆ ಹೇಳಿದಳು. ಕೈ ತೊಳೆದವನು ಹಾಗೇ ನಿಂತು ಕೇಳಿದ. ಬೈಯಬಹುದು, ಬೈದರೆ ಚೆನ್ನಾಗಿರುತ್ತದೆ ಎಂದು ಅವಳು ಕಾದಳು.

"ಬೆಳಿಗ್ಗೆ ಏಳಕ್ಕೆ ಬಸ್ಸುಂಟು" ಎಂದ ಮಂಜಯ್ಯ. ಸ್ವಲ್ಪ ಬಿಟ್ಟು, "ನಾನೂ ಬರ್ಲಾ?" ಎಂದ.

"ಬ್ಯಾಡ. ಸುಳ್ಳು ಹೇಳಿದ್ದು ನಾನೊಬ್ಳೆ."

ಬುಧವಾರ ಅವಳು ಮಾಸ್ತಿಕಟ್ಟೆ ಮುಟ್ಟುವಾಗ ಮುಕುಂದಯ್ಯ ಕೆಲಸಕ್ಕೆ ಹೊರಟು ಜಗಲಿಯಲ್ಲಿ ಬೂಟು ಹಾಕಿಕೊಳ್ಳುತ್ತಿದ್ದ. ನಾಳೆಯ ಸಾಗರದ ಪ್ರಯಾಣಕ್ಕೆ ಒಂದು ಚೀಲ ಆಗಲೇ ತುಂಬಿತ್ತು. ದುಗ್ಗಮ್ಮ ಹೂ ಕಟ್ಟುತ್ತಿದ್ದರು. ಶರಾವತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ತುಂಗಮ್ಮ ಕೂರಲೂ ಇಲ್ಲ, ನೀರೂ ಕೇಳಲಿಲ್ಲ. ಕೂತರೆ ಮಾತು ಹೊರಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನಾ ಅವತ್ತು ಹೇಳಿದ್ದು ಸುಳ್ಳು. ನನ್ನ ಗಡ್ಡೆ ಮೆತ್ತಗಿತ್ತು, ಮೇಲೇ ಇತ್ತು, ಮುಟ್ಟಿದ್ರೆ ಜಾರ್ತಿತ್ತು. ಇವಳದ್ದು ಹಂಗಿಲ್ಲ. ಕೋಣೇಲಿ ಒತ್ತಿ ನೋಡಿದಾಗ್ಲೇ ನಂಗೆ ಗೊತ್ತಾಗಿತ್ತು. ಸಾಗರಕ್ಕೆ ಕರ್ಕೊಂಡು ಹೋಗ್ಬ್ಯಾಡಿ."

ಮುಕುಂದಯ್ಯ ಬೂಟಿನ ದಾರ ಬಿಟ್ಟು ತಲೆಯೆತ್ತಿದ. "ಗೊತ್ತಿದ್ದೂ ಯಾಕೆ ಹಂಗೆ ಹೇಳಿದ್ರಿ?"

"ಹೊಟ್ಟೆಕಿಚ್ಚು" ಎಂದಳು ತುಂಗಮ್ಮ. "ಇವಳು ಫಸ್ಟ್ ಕ್ಲಾಸಲ್ಲಿ ಮದ್ರಾಸಿಗೆ ಹೋಗೋದು ನಂಗೆ ತಡ್ಕಳಕ್ಕಾಗ್ಲಿಲ್ಲ. ನಂದನ್ನ ಯಾರೂ ನೋಡಕ್ಕೆ ಬರ್ಲಿಲ್ಲ, ಇವಳಿಗೆ ಸೇಬು ತಂದ್ರು. ಅಷ್ಟೇ."

ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಎಂದು ಅವಳಿಗೇ ಕೇಳಿಸಿತು. ದುಗ್ಗಮ್ಮನ ಕೈಯ ಹೂ ಮಡಿಲಿಗೆ ಬಿತ್ತು. "ನೀನು ಒಡಹುಟ್ಟಿದವ್ಳಾ? ಹಗೆಗಳೂ ಹಿಂಗೆ ಮಾಡಲ್ಲ" ಎಂದರು ಅವರು. ಮುಕುಂದಯ್ಯ ಎದ್ದು ಹೊರಗೆ ಹೋಗಿ ಜೀಪಿನ ಪಕ್ಕ ಬೆನ್ನು ಹಾಕಿ ನಿಂತ. ಅವನು ಆಮೇಲೂ ಬಹಳ ದಿನ ಅವಳ ಮುಖ ನೋಡಿ ಮಾತಾಡಲಿಲ್ಲ. ಅದು ತನಗೆ ಸಲ್ಲಬೇಕಾದ್ದೇ ಎಂದು ತುಂಗಮ್ಮ ಒಪ್ಪಿಕೊಂಡಳು.

"ಒಳಗೆ ಬಾ" ಎಂದು ಶರಾವತಿ ಅಕ್ಕನ ಕೈ ಹಿಡಿದು ಕೋಣೆಗೆ ಕರೆದೊಯ್ದಳು. "ನೀ ಸುಳ್ಳು ಹೇಳಿದ್ದು ನಂಗೆ ಅವತ್ತೇ ಗೊತ್ತಿತ್ತು. ನಿನ್ ಗಡ್ಡೆ ನಾ ಮುಟ್ಟಿದ್ದೆ, ನೆನಪಿಲ್ವಾ? ನಿಂಗೆ ರವಿಕೆ ಅಳತೆ ತೆಗಿಯುವಾಗ. ಬೆಣ್ಣೆ ಹಂಗಿತ್ತು."

"ಮತ್ತೆ ಬಾಯಿ ಮುಚ್ಕೊಂಡು ಯಾಕಿದ್ದೆ ಮಾರಾಯ್ತಿ?"

"ಸಾಗರಕ್ಕೆ ಹೋದ್ರೆ ಇದು ಕೊಬ್ಬಿನ ಗಡ್ಡೆ ಆಗ್ತದೆ, ಮದ್ರಾಸಿಗೆ ಹೋದ್ರೆ ಇನ್ನೆಂಥದೋ ಆಗ್ತದೆ ಅಂತ ಅನ್ನಿಸ್ತು ಅಕ್ಕ. ನಂಗೂ ಸುಳ್ಳೇ ಬೇಕಿತ್ತು. ನೀ ಅದೇ ಥರ ಅಂದಾಗ ಎಷ್ಟು ಹಾಯಾಯ್ತು ಗೊತ್ತಾ. ಮೂರು ರಾತ್ರಿ ಒಳ್ಳೆ ನಿದ್ದೆ ಮಾಡಿದೆ." ಅವಳು ಅಕ್ಕನ ಸೆರಗು ಹಿಡಿದುಕೊಂಡಳು. "ಇನ್ನು ಹೋಗ್ಲೇಬೇಕು, ಅಲ್ವಾ?"

"ಹೋಗ್ಲೇಬೇಕು."

"ಹಂಗಾರೆ ನೀನೂ ಬಾ. ಇವ್ರ ಜೊತೆ ಒಬ್ಳೇ ಹೋದ್ರೆ ನಾ ಅಳಕ್ಕಾಗಲ್ಲ, ಅವ್ರು ಹೆದರ್ತಾರೆ. ಮತ್ತೆ ನಿಂಗೆ ಫಸ್ಟ್ ಕ್ಲಾಸು ಬೇಕಂತಲ್ಲ."

ತಾಳಿಯ ತೊಡಕು ಉಳಿದಿತ್ತು. ಅದನ್ನು ದುಗ್ಗಮ್ಮನೇ ಬಿಡಿಸಿದರು. ತುಂಗಮ್ಮನ ಕಡೆ ನೋಡದೆಯೇ ಒಳಗೆ ಹೋಗಿ, ಒಂದು ಅರಿಶಿನದ ಕೊಂಬನ್ನು ಅರಿಶಿನ ಹಚ್ಚಿದ ದಾರಕ್ಕೆ ಕಟ್ಟಿ, ದೇವರ ಮುಂದೆ ಇಟ್ಟು ತಂದು ಸೊಸೆಗೆ ಕೊಟ್ಟರು. "ಮೊದ್ಲು ಇದನ್ನ ಕಟ್ಕೋ, ಆಮೇಲೆ ಅದನ್ನ ತೆಗಿ. ಒಂದು ಗಳಿಗೆನೂ ಕುತ್ತಿಗೆ ಬರಿದಾಗಬಾರ್ದು" ಎಂದರು. ಅರಿಶಿನದ ಕೊಂಬನ್ನು ಯಾವ ಅಯಸ್ಕಾಂತ ಎಳೆದೀತು?

ಮದ್ರಾಸಿನ ಆಸ್ಪತ್ರೆಯಲ್ಲಿ ಆ ಯಂತ್ರದ ಕೋಣೆಯ ಹೊರಗೆ ಒಂದು ಸಣ್ಣ ಕೋಣೆ ಇತ್ತು. ನರ್ಸು ಕೈಸನ್ನೆಯಲ್ಲೇ ಎಲ್ಲ ತೆಗೆಯಲು ಹೇಳಿದಳು. ತುಂಗಮ್ಮ ಮೊದಲು ದುಗ್ಗಮ್ಮ ಹೇಳಿದ ಹಾಗೆ ಅರಿಶಿನದ ದಾರಕ್ಕೆ ಮೂರು ಗಂಟು ಹಾಕಿದಳು. ಆಮೇಲೆ ತಾಳಿಸರ, ಓಲೆ, ಮೂಗುತಿ, ಬಳೆ. ಕಾಲುಂಗುರ ಬರಲಿಲ್ಲ, ಸೋಪು ಹಚ್ಚಿ ಎಳೆಯಬೇಕಾಯಿತು. ಮುಡಿಯ ಪಿನ್ನುಗಳನ್ನು ಹುಡುಕಿ ತೆಗೆದಾಯಿತು. ಎಲ್ಲ ಮುಗಿಯಿತು ಎನ್ನುವಾಗ ತಾಳಿಸರದಲ್ಲಿ ನೇತುಹಾಕಿದ್ದ ಪಿನ್ನುಗಳ ಗೊಂಚಲು ನೋಡಿ ನರ್ಸಿಗೆ ಸಂಶಯ ಬಂದು ರವಿಕೆ ತಡಕಿದಳು. ಅಲ್ಲಿ ಇನ್ನೊಂದು ಪಿನ್ನು ಸಿಕ್ಕಿತು. ಮೂವರೂ ನಕ್ಕರು. ಆ ನಗು ಮುಗಿಯುವ ಮೊದಲೇ ಶರಾವತಿಯನ್ನು ಒಳಗೆ ಕರೆದುಕೊಂಡು ಹೋದರು.

ಮುಕುಂದಯ್ಯ ದೂರದ ಕುರ್ಚಿಯಲ್ಲಿ ಕೂತಿದ್ದ. ಬಾಗಿಲಿನಾಚೆ ಯಂತ್ರ ಬಡಿಯಲು ಶುರುಮಾಡಿತು. ಟಕಟಕ, ನಡುವೆ ನಿಲ್ಲುವುದು, ಮತ್ತೆ ಟಕಟಕ. ಗಿರಣಿಯ ಸದ್ದಿನಲ್ಲೇ ಸಂಸಾರ ಮಾಡಿದ ತುಂಗಮ್ಮನಿಗೆ ಸದ್ದಿನ ಭಯವಿರಲಿಲ್ಲ. ಅವಳ ಮಡಿಲಲ್ಲಿ ಕರವಸ್ತ್ರದ ಗಂಟು ಇತ್ತು. ಅದರೊಳಗೆ ತಂಗಿಯ ಬಂಗಾರವೆಲ್ಲ. ಗಂಟು ಬಿಚ್ಚಿ ನೋಡಿದಳು. ಸಾಗರದ ಅಕ್ಕಸಾಲಿ ಮಾಡಿದ ಆ ಬಳೆಗಳನ್ನು ಕಂಡು ಅವಳು ಎಷ್ಟೋ ದಿನ ಊಟ ಬಿಟ್ಟಿದ್ದುಂಟು. ಈಗ ಬೇಕೆಂದೇ ಅವುಗಳನ್ನು ದಿಟ್ಟಿಸಿದಳು. ಒಂದು ಬಳೆಯನ್ನು ಕೈಗೆ ಏರಿಸಿಯೂ ನೋಡಿದಳು. ಉರಿಯಲಿಲ್ಲ. ದೇವರೇ, ಒಂದು ಸಲ ಹೊಟ್ಟೆಕಿಚ್ಚು ಬರಲಿ ಎಂದು ಬೇಡಿಕೊಂಡಳು. ಬರಲಿಲ್ಲ. ಬಳೆ ತೆಗೆದು ಗಂಟು ಕಟ್ಟಿ ಸದ್ದು ಕೇಳುತ್ತ ಕೂತಳು.

ಮಾರನೆಯ ದಿನ ಅಲ್ಲಿನ ಡಾಕ್ಟರು ಮೂವರನ್ನೂ ಕೂರಿಸಿಕೊಂಡರು. ಅವರು ಮಂಗಳೂರು ಕಡೆಯವರು, ಕನ್ನಡ ಬರುತ್ತಿತ್ತು. ಬೆಳಕಿನ ಪೆಟ್ಟಿಗೆಗೆ ಫಿಲ್ಮು ಸಿಕ್ಕಿಸಿ ತೋರಿಸಿದರು. ತೊಡೆಯನ್ನು ಬಾಳೆದಿಂಡಿನ ಹಾಗೆ ಅಡ್ಡಕ್ಕೆ ಸೀಳಿ ನೋಡಿದಂತಿತ್ತು.

"ಚರ್ಮದ ಕೆಳಗೆ ಸುತ್ತ ಬೆಳ್ಳಗೆ ಕಾಣ್ತದಲ್ಲ, ಅದು ಕೊಬ್ಬು. ಗಡ್ಡೆ ಬರೀ ಕೊಬ್ಬಿನದ್ದಾಗಿದ್ರೆ ಅದೂ ಇಷ್ಟೇ ಬೆಳ್ಳಗಿರಬೇಕಿತ್ತು. ಇಲ್ಲಿ ನೋಡಿ, ಒಂದೆರಡು ಕಡೆ ಬೆಳ್ಳಗಿದೆ, ಉಳಿದದ್ದು ಬೂದಿ ಬಣ್ಣ. ಈ ಎರಡನೇ ಫೋಟೋ ಬೇರೆ ಥರ ತೆಗೆದದ್ದು. ಇದರಲ್ಲಿ ಅದೇ ಬೂದಿ ಜಾಗ ಹೊಳೀತಾ ಇದೆ. ಬರೀ ಕೊಬ್ಬಿನ ಗಡ್ಡೆ ಹೀಗೆ ಬಣ್ಣ ಬದಲಾಯಿಸಲ್ಲ."

ಡಾಕ್ಟರು ಬೆರಳನ್ನು ಗಡ್ಡೆಯ ಸುತ್ತ ಒಯ್ದರು. "ಸೂಜಿ ಹಾಕಿ ಚೂರು ತೆಗೆದು ನೋಡೋ ತನಕ ಹೆಸರು ಹೇಳಲ್ಲ. ಒಳ್ಳೆ ಜಾತಿದಲ್ಲ ಅಂತ ನನಗನ್ನಿಸ್ತದೆ. ಆದ್ರೆ ಒಂದು ಸಮಾಧಾನ. ಇದು ಪೂರ್ತಿ ಒಂದೇ ಸ್ನಾಯುವಿನ ಒಳಗಿದೆ. ಮೂಳೆ ಮುಟ್ಟಿಲ್ಲ, ದೊಡ್ಡ ರಕ್ತನಾಳ ಮುಟ್ಟಿಲ್ಲ. ಸ್ನಾಯು ಸಮೇತ ತೆಗೆದ್ರೆ ಕಾಲು ಉಳೀತದೆ. ಊರಲ್ಲಿ ಯಾರಾದ್ರೂ ಕೊಬ್ಬು ಅಂತ ಕೊಯ್ದು ಕೆದಕಿದ್ರೆ ಸುತ್ತ ಎಲ್ಲ ಹರಡಿ ಕಾಲೇ ತೆಗೀಬೇಕಾಗ್ತಿತ್ತೋ ಏನೋ. ಹಾಗೆ ಕೊಯ್ದು ಬರೋರೇ ಹೆಚ್ಚು. ನಿಮ್ಮನ್ನ ಕೊಯ್ಸಬೇಡಿ ಅಂತ ತಡೆದವರು ಯಾರು?"

"ನಮ್ಮಕ್ಕ" ಎಂದಳು ಶರಾವತಿ.

ಡಾಕ್ಟರು ಮೆಚ್ಚುಗೆಯಿಂದ ತಲೆದೂಗಿದರು. ಆ ಮೆಚ್ಚುಗೆಯನ್ನು ತುಂಗಮ್ಮ ಸುಮ್ಮನೆ ಇಟ್ಟುಕೊಳ್ಳಬಹುದಿತ್ತು, ತಂಗಿ ಕೊಟ್ಟದ್ದು.

"ಕೊಯ್ಸಿ ಅಂದವಳೂ ನಾನೇ ಡಾಕ್ಟ್ರೇ" ಎಂದಳು ಅವಳು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಮುಕುಂದಯ್ಯ ಮಾತ್ರ ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಕಡೆ ತಿರುಗಿ ನೋಡಿದ.

ಸೂಜಿಯ ಪರೀಕ್ಷೆ ಡಾಕ್ಟರ ಸಂಶಯವನ್ನೇ ಖಚಿತ ಮಾಡಿತು. ಆಪರೇಷನ್ನು ಆರು ಗಂಟೆ ನಡೆಯಿತು. ಕಾಲು ಉಳಿಯಿತು. ತೊಡೆಯ ಮುಂಭಾಗ ಗುಳಿ ಬಿದ್ದ ಹಾಗಾಯಿತು, ಮೆಟ್ಟಿಲು ಹತ್ತುವಾಗ ಇನ್ನು ಯಾವಾಗಲೂ ಕಾಲು ಎಳೆಯುತ್ತದೆ ಎಂದರು. ಅಂಚಿನಲ್ಲೆಲ್ಲೂ ರೋಗ ಉಳಿದಿಲ್ಲ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು. ಹಾಸಿ ಮಲಗಿಸುವುದು, ಮೀಯಿಸುವುದು, ಬಾಚುವುದು ಎಲ್ಲ ತುಂಗಮ್ಮನ ಕೆಲಸವಾಯಿತು. ಒಂದು ತಿಂಗಳು ಅವಳು ಹೊಸನಗರದ ಮುಖ ಕಾಣಲಿಲ್ಲ. ಮಂಜಯ್ಯ ವಾರಕ್ಕೊಂದು ಕಾರ್ಡು ಹಾಕುತ್ತಿದ್ದ. ಅದರಲ್ಲಿ ಒಂದೇ ಸಾಲು, ಎಲ್ಲ ಸರಿಯುಂಟು.

ಊರಿಗೆ ಹೊರಡುವ ಹಿಂದಿನ ದಿನ ಮುಕುಂದಯ್ಯ ಪೇಟೆಗೆ ಹೋಗಿ ಬಂದ. ಮಂಚದ ಮೇಲೆ ಎರಡು ಪೊಟ್ಟಣ ಇಟ್ಟು, "ಒಂದು ನಿಂಗೆ, ಒಂದು ಅತ್ತಿಗೆಗೆ" ಎಂದು ಹೇಳಿ, ಏನೋ ನೆನಪಾದವನಂತೆ ಹೊರಗೆ ಹೋದ. ಎರಡೂ ರೇಷ್ಮೆ ಸೀರೆ. ತುಂಗಮ್ಮನದ್ದು ಹಸಿರು, ಅಂಚಿಗೆ ಸಣ್ಣ ಜರಿ. ಚೆನ್ನಾಗಿತ್ತು. ಅಂಥ ಸೀರೆ ಅವಳಿಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ. ಶರಾವತಿಯದ್ದು ಕುಂಕುಮದ ಬಣ್ಣ. ಅವಳು ಅದನ್ನು ಬಿಡಿಸಿ ಮಡಿಲ ಮೇಲೆ ಹಾಕಿಕೊಂಡಳು. ಅದರ ಅಂಚು ಅಂಗೈ ಅಗಲ ಇತ್ತು, ಸೆರಗಿನ ತುಂಬ ಬುಟ್ಟಾ.

ತುಂಗಮ್ಮ ಆ ಅಂಚನ್ನು ನೋಡಿದಳು. ತನ್ನದನ್ನು ನೋಡಿದಳು. ಮತ್ತೆ ಅದನ್ನು ನೋಡಿದಳು. ಹೊಟ್ಟೆಯ ತಳದಲ್ಲಿ ಸಣ್ಣಗೆ ಎಲ್ಲೋ ಚುರುಕ್ ಎಂದಿತು. ನೋಡನೋಡುತ್ತ ಅದು ಎದೆಯವರೆಗೆ ಹತ್ತಿ ಭಗ್ಗನೆ ಉರಿಯಿತು. ಅದೇ ಹಳೆಯ ಉರಿ. ನಾನು ಒಂದು ತಿಂಗಳು ಇವಳ ಮಲ ಮೂತ್ರ ಬಾಚಿದೆ, ಅಗಲ ಅಂಚು ಇವಳಿಗೆ! ಅವಳು ಕುರ್ಚಿಯ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ತಂಗಿಗೆ ರೋಗ ಎಂದ ದಿನ ಅತ್ತಿರಲಿಲ್ಲ, ಆಪರೇಷನ್ನಿನ ದಿನವೂ ಅತ್ತಿರಲಿಲ್ಲ.

"ಎಂಥ ಆಯ್ತೇ? ಡಾಕ್ಟ್ರು ಏನಾರೂ ಹೇಳಿದ್ರಾ?" ಶರಾವತಿಯ ಮುಖ ಬಿಳಿಚಿತು.

ತುಂಗಮ್ಮ ಇಲ್ಲವೆಂದು ತಲೆಯಾಡಿಸಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಿನ್ ಸೀರೆ ಅಂಚು ದೊಡ್ಡದು" ಎಂದಳು.

ಶರಾವತಿ ಅಕ್ಕನನ್ನು ನೋಡಿದಳು. ಮಡಿಲ ಸೀರೆಯನ್ನು ನೋಡಿದಳು. ಅವಳ ಕಣ್ಣೂ ತುಂಬಿ ಬಂತು. ಅಕ್ಕನ ಹೊಟ್ಟೆಕಿಚ್ಚನ್ನು ಹುಟ್ಟಿದಾಗಿನಿಂದ ಬಲ್ಲವಳು ಅವಳು. ಈ ಒಂದು ತಿಂಗಳು ಅದು ಎಲ್ಲಿಯೂ ಕಾಣದೆ ಅವಳೂ ಒಳಗೊಳಗೇ ಹೆದರಿದ್ದಳು. ಕುಂಕುಮದ ಸೀರೆಯನ್ನು ಎರಡೂ ಕೈಯಲ್ಲಿ ಬಾಚಿ ಎದೆಗೆ ಅವುಚಿಕೊಂಡಳು.

"ಕೊಡಲ್ಲ" ಎಂದಳು. "ಉರ್ಕೋ."